ಉಣ್ಣೆ ಮಂಡಿಗೆ ಇಪ್ಪತ್ತನಾಲ್ಕು ಶಟರ್

ಜನವರಿ 6, 2025, ಸೋಮವಾರ

ಮೊದಲು ಕೊಟ್ಟ ಮಾತು, ತಪ್ಪಿದ ಮಾತು.

2014. ಹೊಸದುರ್ಗದ ರಸ್ತೆ ಅಗಲವಾದ ವರ್ಷ. ಫುಟ್‌ಪಾತಿನಿಂದ ಎಬ್ಬಿಸಿದ ನಮ್ಮ ಇಪ್ಪತ್ತನಾಲ್ಕು ಬೀದಿ ವ್ಯಾಪಾರಿಗಳಿಗೆ ಉಣ್ಣೆ ವರ್ತಕರ ಟ್ರಸ್ಟ್ ಹೇಳಿದ್ದು: ಮಂಡಿ ಬೀದಿಯ ನಮ್ಮ ಹಳೇ ಉಣ್ಣೆ ಮಂಡಿ ಖಾಲಿ ಬಿದ್ದಿದೆ, ಅಲ್ಲಿ ಜಾಗ ಕೊಡುತ್ತೇವೆ. ಕೊಡಲಿಲ್ಲ.

2016. ಯುಗಾದಿಗೆ ಬೀಗದ ಕೈ ಕೊಡುತ್ತೇವೆ. ಯಾವ ಯುಗಾದಿ ಎಂದು ಹೇಳಿರಲಿಲ್ಲ.

2019. ತಲೆಗೊಂದು ಮಳಿಗೆ, ಮಳಿಗೆಗೊಂದು ಶಟರ್, ಹೆಂಗಸರಿಗೆ ಶೌಚಾಲಯ ಎಂಬ ನಮ್ಮ ಮನವಿಗೆ ಸಹಿ ಹಾಕಿ ಪಡೆದರು. ಆ ಸಹಿ ಮಾತ್ರ ದಕ್ಕಿತು.

2021. ನಿಮ್ಮ ಮನವಿ ಕಳೆದುಹೋಗಿದೆ ಎಂದರು. ಇನ್ನೊಂದು ಕೊಟ್ಟೆವು.

2023. ಮಂಡಿ ಇವತ್ತೋ ನಾಳೆಯೋ ಕುಸಿಯುತ್ತದೆ, ಒಳಗೆ ಕಾಲಿಡುವಂತಿಲ್ಲ ಎಂದರು. ಅದೇ ತಿಂಗಳು ಟ್ರಸ್ಟಿನವರ ಮನೆಯ ನಾಮಕರಣದ ಪಾತ್ರೆ, ಕುರ್ಚಿ ಎಲ್ಲ ಅಲ್ಲೇ ಇಟ್ಟರು.

ಇವತ್ತು ಹನ್ನೆರಡು ಜನ ಬಸ್ಸು ಹತ್ತಿ ಚಿತ್ರದುರ್ಗಕ್ಕೆ ಹೋದೆವು. ಟ್ರಸ್ಟಿನ ಕಾರ್ಯದರ್ಶಿ ಪ್ರಭುಲಿಂಗನ ಅಜ್ಜ ಉಣ್ಣೆ ವ್ಯಾಪಾರಿ. ಈತ ಭೀಮಸಮುದ್ರದ ಅಡಿಕೆ ವ್ಯಾಪಾರಿ. ಅವನ ಆಫೀಸಿನ ಮೆಟ್ಟಿಲ ಮೇಲೆ ಕೂತೆವು.

"ಏನ್ರಿ ಅನುಸೂಯಮ್ಮ, ಬಿಸಿಲಾಗ್ ಯಾಕ್ ಕುಂತಿದೀರಿ? ಒಳಗ್ ಬರ್ರಿ."

"ಹನ್ನೊಂದು ವರ್ಷದಿಂದ ಒಳಗ್ ಬರ್ರಿ ಅಂತಾನೇ ಹೇಳ್ತಾ ಇದೀರಿ. ಬಾಗ್ಲು ಎಲ್ಲೈತೆ ತೋರಿಸ್ರಿ."

ನಮ್ಮವರು ನಕ್ಕರು. ಅವನೂ ನಕ್ಕ. ಆಮೇಲೆ ಹೇಳಿದ: ರಿಪೇರಿಗೆ ಅನುದಾನ ಬಂದಿದೆ, ಇಂಜಿನಿಯರು ನಕ್ಷೆ ಬರೆಯುತ್ತಾರೆ, ಫೆಬ್ರವರಿ 25ರೊಳಗೆ ಇಪ್ಪತ್ತನಾಲ್ಕು ಜನವೂ ಅದಕ್ಕೆ ಸಹಿ ಹಾಕಬೇಕು. "ಒಬ್ರು ಕಮ್ಮಿ ಆದ್ರೂ ನಂದೇನಿಲ್ಲಮ್ಮ. ಕಲ್ಯಾಣ ಮಂಟಪ ಮಾಡೋ ಕಾಂಟ್ರಾಕ್ಟರ್ ಅಡ್ವಾನ್ಸ್ ಹಿಡ್ಕಂಡು ಕುಂತವ್ನೆ."

ನಮ್ಮ ವ್ಯಾಪಾರಿಗಳ ಸಂಘದ ಮಿನಿಟ್ಸ್ ಪುಸ್ತಕದಲ್ಲಿ 'ಮಾತುಕತೆ ಫಲಪ್ರದ' ಎಂದು ಬರೆದೆ. ಇಲ್ಲಿ ಬರೆಯುತ್ತೇನೆ: ಇವರನ್ನು ನಂಬಿದರೆ ನಾನು ಅನುಸೂಯಳೇ ಅಲ್ಲ. ಮತ್ತೋಡು ಹಳ್ಳಿಯಿಂದ ಹತ್ತೊಂಬತ್ತರ ವಯಸ್ಸಿಗೆ ಚಳವಳಿಗೆ ಬಂದವಳು, ಈಗ ಐವತ್ತೈದು. ಬಸ್‌ಸ್ಟ್ಯಾಂಡ್ ಹಿಂದಿನ ಚರಂಡಿ ಪಕ್ಕ ಹೊಲಿಗೆ ಮೆಷಿನ್ ಇಟ್ಟುಕೊಂಡು ಕೂತಿದ್ದೇನೆ. ಆ ವಾಸನೆಯೇ ನನಗೆ ನಿತ್ಯದ ಭಾಷಣ.

ಜನವರಿ 8, ಬುಧವಾರ

ಮಂಡಿಯ ಬಾಗಿಲು ತೆರೆಯಿತು. ಹನ್ನೊಂದು ವರ್ಷ ಯಾವುದಕ್ಕಾಗಿ ಗಂಟಲು ಹರಿದುಕೊಂಡೆನೋ ಅದರೊಳಗೆ ಇವತ್ತೇ ಮೊದಲು ಕಾಲಿಟ್ಟದ್ದು. ಇದು ನಾಚಿಕೆಯ ವಿಷಯವೋ ಏನೋ, ಗೊತ್ತಿಲ್ಲ.

ಟ್ರಸ್ಟ್ ಕಳಿಸಿದ ಇಂಜಿನಿಯರ್ ಹೆಸರು ಸಹನಾ. ಹೊಳಲ್ಕೆರೆ ಹುಡುಗಿ, ಇಪ್ಪತ್ತಾರೋ ಇಪ್ಪತ್ತೇಳೋ. ಜೊತೆಗೆ ನಾನು ಮತ್ತು ಮೊಬೈಲ್ ಕವರ್ ಮಾರುವ ನಮ್ಮ ಶಿವರಾಜ್. ಟ್ರಸ್ಟ್ ಈ ಕಟ್ಟಡವನ್ನು ಹೇಗೆ ಹಾಳುಗೆಡವಿದೆ ಎಂಬುದಕ್ಕೆ ಸಾಕ್ಷಿ ಬರೆದುಕೊಳ್ಳಲು ಹೋಗಿದ್ದೆ. ಬರೆದುಕೊಂಡೆ: ಪಾರಿವಾಳದ ಹಿಕ್ಕೆ ಗೇಣು ದಪ್ಪ. ಮೂಲೆಯಲ್ಲಿ ಮುರಿದ ಕುರ್ಚಿ. ಮಾಡಿನ ಹೆಂಚು ಎರಡು ಕಡೆ ಹೋಗಿದೆ. ಹನ್ನೆರಡು ಕಲ್ಲುಕಂಬ, ಒಂದೂ ಅಲುಗಿಲ್ಲ. ಕುಸಿಯುತ್ತದೆ ಎಂದ ಸುಳ್ಳುಬುರುಕರಿಗೆ ಧಿಕ್ಕಾರ.

ಒಂದು ಮಾತ್ರ ಅರ್ಥವಾಗಲಿಲ್ಲ. ದಕ್ಷಿಣದ ಗೋಡೆಗೆ ಕಿಟಕಿಯೇ ಇಲ್ಲ, ಕಗ್ಗತ್ತಲು. ಉತ್ತರದ ಗೋಡೆಯಲ್ಲಿ ಆಳೆತ್ತರದ ಮೇಲೆ ಉದ್ದಕ್ಕೂ ಕಿಂಡಿ. ಗಾಳಿಗೆ ಎಂದರೆ ಎರಡೂ ಕಡೆ ಇಡಬೇಕಿತ್ತು.

"ಇದ್ಯಾಕಮ್ಮ ಹಿಂಗೆ?" ಎಂದೆ.

"ಗೊತ್ತಿಲ್ಲ ಮೇಡಂ. ನನ್ನ ಕೆಲಸ ಅಳತೆ ಅಷ್ಟೇ," ಎಂದಳು ಸಹನಾ.

ಓದಿದವರ ಉತ್ತರ ಇದು.

ಜನವರಿ 13, ಸೋಮವಾರ

ಸಾಕ್ಷಿ ಸಾಲದೆಂದು ಮತ್ತೆ ಹೋದೆ. ಬೀಗದ ಕೈ ಸಹನಾಳಿಂದ ಕೇಳಿ ಇಸಕೊಂಡೆ, ಅವಳೂ ಜೊತೆಗೆ ಬಂದಳು.

ಕಂಬಗಳಲ್ಲಿ ಕಬ್ಬಿಣದ ಬಳೆಗಳಿವೆ! ಪ್ರತಿ ಕಂಬಕ್ಕೆ ಒಂದು, ಕೈ ಎತ್ತಿದರೆ ಸಿಗುವಷ್ಟು ಮೇಲೆ. ಒಳಬದಿ ಉಜ್ಜಿ ಉಜ್ಜಿ ನುಣುಪಾಗಿದೆ. ದೀಪ ತೂಗುಹಾಕಲು ಇರಬಹುದು ಎಂದಳು ಸಹನಾ. ದೀಪಕ್ಕೆ ಕಬ್ಬಿಣ ಸವೆಯುತ್ತದೆಯೇ? ನನಗೆ ಥಟ್ಟನೆ ಹೊಳೆಯಿತು. ಹಮಾಲರನ್ನು ಕಟ್ಟಿ ಹೊಡೆಯುತ್ತಿದ್ದ ಬಳೆಗಳಿವು. ಕೈ ಮೇಲೆತ್ತಿಸಿ ಕಟ್ಟುವುದು. ಎತ್ತರವೂ ಸರಿಹೋಗುತ್ತದೆ.

ಮಧ್ಯಾಹ್ನವೆಲ್ಲ ಕೂತು ಕರಪತ್ರ ಬರೆದೆ. 'ಉಣ್ಣೆ ಮಂಡಿಯ ಕಂಬಗಳು ಮಾತಾಡುತ್ತಿವೆ.' ಚೆನ್ನಾಗಿ ಬಂದಿದೆ. ಐನೂರು ಪ್ರತಿ ಹಾಕಿಸಬೇಕು.

ಜನವರಿ 14, ಮಂಗಳವಾರ

ಸಂಕ್ರಾಂತಿ. ಎಳ್ಳು ಬೀರಿ ಬಂದೆ. ಹನ್ನೊಂದಕ್ಕೆ ಸುಮ್ಮನೆ ಮಂಡಿಗೆ ಹೋಗಿದ್ದೆ, ಒಂದಕ್ಕೂ ಹೋದೆ, ಮೂರಕ್ಕೂ ಹೋದೆ. ಹೊರಗೆ ನೆರಳು ಎಲ್ಲೆಲ್ಲಿಗೋ ತಿರುಗಿತು. ಒಳಗೆ ಕಿಂಡಿಯ ಬೆಳಕು ಇದ್ದ ಹಾಗೇ ಇತ್ತು. ಕಿಂಡಿಯಿಂದ ಬಿಸಿಲು ನೆಲಕ್ಕೆ ಬೀಳಲೇ ಇಲ್ಲ. ಇದೂ ಒಂದು ಸಾಕ್ಷಿ ಎಂದು ಬರೆದುಕೊಂಡೆ. ಯಾವುದಕ್ಕೆ ಸಾಕ್ಷಿ ಎಂದು ಆಮೇಲೆ ನೋಡೋಣ.

ಜನವರಿ 20, ಸೋಮವಾರ

ಸಭೆಯಲ್ಲಿ ಕರಪತ್ರ ಓದಿದೆ. ಕೈ ಕಟ್ಟಿ ಹೊಡೆಯುವ ಜಾಗಕ್ಕೆ ಬಂದಾಗ ಧ್ವನಿ ತಾನಾಗೇ ಏರಿತು. ಇಪ್ಪತ್ತು ಜನ ಉಸಿರು ಬಿಗಿಹಿಡಿದಿದ್ದರು. ಹಿಂದಿನಿಂದ ಕೆಂಚಕ್ಕನ ಕಿಸಕಿಸ ಕೇಳಿಸಿತು. ಎಪ್ಪತ್ತು ದಾಟಿದವಳು, ಕುರಿ ಸಾಕುವ ಮನೆಯವಳು, ಹೆಗಲ ಮೇಲೆ ಕಂಬಳಿ ಹೊತ್ತು ಮಾರುವವಳು. ಬೊಚ್ಚುಬಾಯಿಗೆ ಸೆರಗು ತುರುಕಿಕೊಂಡು ನಗುತ್ತಿದ್ದಳು.

"ಯಾಕೆ ಕೆಂಚಕ್ಕ, ಹೊಡೆಸ್ಕಂಡೋರ್ ಕಥೆ ನಗು ಬರುತ್ತಾ?"

"ಲೇ ಅನ್ಸೂಯಾ, ಅವು ಕಂಬಳಿ ಬಳೆ ಕಣೇ! ಅದುಕ್ಕೆ ಯಾವನ್ನ ಕಟ್ಟಾಕ್ತಿಯೇ ನೀನು?"

ಸಭೆಗೆ ಸಭೆಯೇ ಗೊಳ್ಳೆಂದಿತು. ಶಿವರಾಜ್ ಅಂತೂ, "ಅಕ್ಕ, ಮೊದ್ಲು ಪ್ರಭುಲಿಂಗನ್ನ ಕಟ್ಟಿ ನೋಡಾಣ ನಡೀರಿ," ಎಂದ. ಕರಪತ್ರ ಮಡಚಿ ಬ್ಯಾಗಿಗೆ ಹಾಕಿಕೊಂಡೆ. ಅವಮಾನಕ್ಕೆ ಕಿವಿ ಬಿಸಿಯಾಗಿತ್ತು. ಆದರೆ ಕಂಬಳಿ ಬಳೆ ಎಂದರೇನು? ಸಭೆ ಮುಗಿದದ್ದೇ ಅವಳ ಕೈ ಹಿಡಿದು ಮಂಡಿಗೆ ಕರೆದುಕೊಂಡು ಹೋದೆ. ಸಹನಾ ಅಲ್ಲೇ ಟೇಪು ಹಿಡಿದಿದ್ದಳು.

ಕೆಂಚಕ್ಕ ಹೊಸ್ತಿಲಲ್ಲಿ ನಿಂತುಬಿಟ್ಟಳು. "ನಾನು ಒಳಾಕ್ ಬಂದಿದ್ದೇ ಇಲ್ಲ ಕಣವ್ವ. ನಮ್ಮಪ್ಪನ ಸಂಗಡ ಬರ್ತಿದ್ದೆ, ಹೆಣ್ಣುಡುಗ್ರು ಇಲ್ಲೇ ನಿಂತ್ಕಬೇಕು. ಇಲ್ಲಿಂದ್ಲೇ ನೋಡ್ತಿದ್ದೆ."

ನೋಡಿ ಇದು! ಇದನ್ನು ಯಾರು ಕರಪತ್ರದಲ್ಲಿ ಬರೆದರು? ನಾನು ಇಲ್ಲದ ಹಗ್ಗಕ್ಕೆ ಇಲ್ಲದ ಹಮಾಲನನ್ನು ಕಟ್ಟುತ್ತಿದ್ದೆ. ನಿಜವಾದ ಅನ್ಯಾಯ ಹೊಸ್ತಿಲ ಮೇಲೆ ಎಪ್ಪತ್ತು ವರ್ಷದ ಕಾಲಿಟ್ಟುಕೊಂಡು ನಿಂತಿತ್ತು.

ಕೊನೆಗೂ ಬಂದಳು. ಒಂದು ಬಿದಿರು ಗಳ ಹುಡುಕಿಸಿ ಎರಡು ಕಂಬದ ಬಳೆಗಳಿಗೆ ಅಡ್ಡ ತೂರಿಸಿದಳು. ಹೆಗಲ ಕಂಬಳಿಯನ್ನು ಪೂರ್ತಿ ಬಿಚ್ಚಿ ಅದರ ಮೇಲೆ ಇಳಿಬಿಟ್ಟಳು. ನಮ್ಮಿಬ್ಬರನ್ನು ಕತ್ತಲ ಗೋಡೆಯ ಕಡೆ ನಿಲ್ಲಿಸಿ ಉತ್ತರಕ್ಕೆ ಮುಖ ಮಾಡಿಸಿದಳು.

ಬೆಳಕು ಕಂಬಳಿಯೊಳಗಿಂದ ಹಾದು ಬಂತು. ಕರಿಯ ಕಂಬಳಿ ಜರಡಿಯ ಹಾಗೆ ಕಂಡಿತು. ಒಂದೊಂದು ಎಳೆ. ಒಂದು ಕಡೆ ನೇಯ್ದವರ ಕೈ ಸಡಿಲಾದದ್ದು, ಮತ್ತೆ ಬಿಗಿಯಾದದ್ದು, ಬುಡದಲ್ಲಿ ನುಸಿ ತಿಂದ ಮೂರು ಚುಕ್ಕೆ.

"ಹುಣಸೆಬೀಜದ ಗಂಜಿ ಬಳುದ್ರೆ ಎಂಥಾ ತೆಳ್ಳನ್ ಕಂಬಳಿನೂ ಮುಟ್ಟಿದ್ರೆ ಗಟ್ಟಿ. ಇಲ್ಲಿ ನಿಂತ್ರೆ ಎಲ್ಲಾ ಬಯಲು. ಸಾವ್ಕಾರ್ರು ನಮ್ಮೋರ್ ಮೋಸ ಹಿಡಿಯಾಕೆ ಕಟ್ಸಿದ್ದು ಕಣಮ್ಮ," ಎಂದಳು ಕೆಂಚಕ್ಕ. ಆಮೇಲೆ ತನ್ನ ಕಂಬಳಿಯನ್ನೇ ಸ್ವಲ್ಪ ಹೊತ್ತು ನೋಡಿ, "ನೋಡು, ನಾ ಮಾರೋದ್ರಾಗೂ ತೂತು," ಎಂದು ನಕ್ಕಳು.

ಸಹನಾ ಟೇಪು ಕೆಳಗಿಟ್ಟು ಬಳೆಗಳ ನಡುವಿನ ಅಂತರ ಎಣಿಸುತ್ತಿದ್ದಳು. "ಒಂದೇ ಸಲಕ್ಕೆ ಎಂಟು ಕಂಬಳಿ ಬಿಚ್ಬಹುದು ಮೇಡಂ," ಎಂದಳು. ಸಾಹುಕಾರನ ಕಣ್ಣಿಗೆಂದು ತಂದ ಬೆಳಕು ಗಿರಾಕಿಯ ಕಣ್ಣಿಗೆ ಯಾಕಾಗಬಾರದು? ಹುಡುಗಿ ದಡ್ಡಿಯಲ್ಲ.

ಜನವರಿ 22, ಬುಧವಾರ

ಹೊಲಿಗೆ ಬಿಟ್ಟು ಸಹನಾಳ ಜೊತೆ ಮಂಡಿ ಬೀದಿ ಸುತ್ತಿದೆ. ಹದಿನೇಳು ಬಾಗಿಲಿಗೆ ಬೀಗ. ಒಂದು ಪ್ರೆಸ್ಸು, ಒಂದು ಸೋಡಾ ಫ್ಯಾಕ್ಟರಿ, ಖಾನಾವಳಿಯೊಂದು, ಉಳಿದವು ಏನಾಗಿದ್ದವೋ. ಎಲ್ಲರೂ ಬೈಪಾಸಿಗೆ ಹೋಗಿದ್ದಾರೆ. ಮಂಡಿ ಮುಚ್ಚಿದ ಮೇಲೆ ಖಾನಾವಳಿ, ಖಾನಾವಳಿ ಮುಚ್ಚಿದ ಮೇಲೆ ಸೋಡಾ, ಹೀಗೆ ಒಂದರ ಹಿಂದೆ ಒಂದು ಕಣ್ಣು ಮುಚ್ಚಿವೆ. ಹಾಗಾದರೆ ಮಂಡಿ ತೆರೆದರೆ? ಅದೇ ವರಸೆಯಲ್ಲಿ ತೆರೆಯುತ್ತವೆಯೇ, ಬೇರೆ ವರಸೆಯೇ? ಯಾರನ್ನು ಕೇಳುವುದು?

ಸೋಡಾ ಫ್ಯಾಕ್ಟರಿಯ ಬೀಗ ಹಾಕಿಕೊಂಡಿರುವ ಮುದುಕ ಮಾರಣ್ಣನನ್ನು ಕೇಳಿದೆ. "ನೀವು ನಾಕು ಜನ ಬಂದ್ ಕುಂತ್ಕಳ್ರಿ, ಬಾಯಾರಿಕೆ ಆಗುತ್ತಾ ಇಲ್ವಾ ಆಮೇಲ್ ನೋಡಾಣ," ಎಂದ.

ಫೆಬ್ರವರಿ 3, ಸೋಮವಾರ

ನಕ್ಷೆ ಬಂತು.

ಇಪ್ಪತ್ತನಾಲ್ಕು ಮಳಿಗೆ. ಎಂಟಡಿ, ಹತ್ತಡಿ. ನಡುವೆ ಇಟ್ಟಿಗೆ ಗೋಡೆ. ತಲೆಯ ಮೇಲೆ ಪಿಒಪಿ ಸೀಲಿಂಗ್. ಉತ್ತರದ ಕಿಂಡಿಗಳಿಗೆ ಸಿಮೆಂಟ್. ಕಂಬದ ಬಳೆಗಳನ್ನು ಕತ್ತರಿಸುವುದು. ಮಳಿಗೆಗೊಂದು ಶಟರ್, ಶಟರಿಗೊಂದು ಟ್ಯೂಬ್‌ಲೈಟು.

ಮೈ ಉರಿಯಿತು. ಸಹನಾಳ ಮೇಲೆ ಎಗರಾಡಿದೆ. "ಅವತ್ತು ಕಣ್ಣಾರೆ ನೋಡಿದ್ಯಲ್ಲಮ್ಮ! ಎಷ್ಟ್ ಕೊಟ್ರು ಟ್ರಸ್ಟಿನವ್ರು ನಿಂಗೆ?"

ಅವಳು ಫೈಲಿನಿಂದ ಒಂದು ಹಾಳೆ ತೆಗೆದು ಮುಂದಿಟ್ಟಳು. 2019ರ ನಮ್ಮ ಮನವಿ. ಕಳೆದುಹೋಗಿದೆ ಎಂದಿದ್ದರಲ್ಲ, ಅದೇ. ನನ್ನ ಅಕ್ಷರ. 'ಪ್ರತಿಯೊಬ್ಬರಿಗೂ ಪ್ರತ್ಯೇಕ ಮಳಿಗೆ. ಪ್ರತಿ ಮಳಿಗೆಗೆ ಗೋಡೆ, ಶಟರ್. ಇದರಲ್ಲಿ ಒಂದಂಗುಲವೂ ರಾಜಿ ಇಲ್ಲ.' ಕೊನೆಯ ಸಾಲಿಗೆ ಎರಡು ಗೆರೆ ಎಳೆದಿದ್ದೇನೆ.

"ನೀವು ಕೇಳಿದ್ದನ್ನೇ ಬರೆದಿದೀನಿ ಮೇಡಂ. ಬದಲಾಯ್ಸಿ ಅಂತ ನೀವು ಯಾವತ್ತೂ ಬರೆದುಕೊಡ್ಲಿಲ್ಲ."

ಫೆಬ್ರವರಿ 4, ಮಂಗಳವಾರ

ಯಾರಿಗೂ ಹೇಳಿಲ್ಲ. ಶಿವರಾಜ್‌ಗೆ ನಕ್ಷೆ ಸಿಕ್ಕಿ ಫೋನಿನಲ್ಲಿ ಎಲ್ಲರಿಗೂ ಕಳಿಸಿದ್ದಾನೆ. 'ಹನ್ನೊಂದು ವರ್ಷದ ಹೋರಾಟಕ್ಕೆ ಜಯ. ಅನುಸೂಯಕ್ಕನಿಗೆ ಜಯವಾಗಲಿ.' ಕೆಳಗೆ ಹೂವಿನ ಗುರುತು, ಬೆಂಕಿಯ ಗುರುತು.

ಇವತ್ತೇ ಹನ್ನೆರಡು ಸಹಿ ಬಿದ್ದಿವೆ.

ಫೆಬ್ರವರಿ 9, ಭಾನುವಾರ

ಭಾಷಣ ಮಾಡಿದ್ದರೆ ನನ್ನ ಬೇಡಿಕೆಗೆ ನಾನೇ ವಿರೋಧ ಎಂದು ಉಗಿಯುತ್ತಿದ್ದರು. ಅದಕ್ಕೆ ಸಹನಾ ಒಂದು ಉಪಾಯ ಹೇಳಿದಳು. ಬೆಳಿಗ್ಗೆ ಮಂಡಿ ಗುಡಿಸಿ, ರಂಗೋಲಿ ಪುಡಿಯಲ್ಲಿ ನಕ್ಷೆಯನ್ನು ನೆಲದ ಮೇಲೆ ಇದ್ದ ಅಳತೆಯಲ್ಲೇ ಬರೆದೆವು. ಇಪ್ಪತ್ತನಾಲ್ಕು ಚೌಕ. ಕಿಂಡಿಗಳಿಗೆ ಗೋಣಿತಾಟು ಕಟ್ಟಿಸಿದೆವು. ಎಲ್ಲರೂ ಮಾಲು ತಂದು ತಮ್ಮ ತಮ್ಮ ಚೌಕದಲ್ಲಿ ಅರ್ಧ ದಿನ ಕೂತು ನೋಡಿ ಎಂದೆ.

ಏನು ಮಜಾ ಅಂತೀರಿ! ಮನೆ ಆಟ ಆಡುವ ಮಕ್ಕಳಂತೆ ಗೆರೆ ದಾಟಬೇಡ, ನಿನ್ನ ಗೋಡೆ ನನ್ನ ಕಡೆ ಬಂದಿದೆ ಎಂದು ಜಗಳ. ಹಗ್ಗ ಮಾರುವ ಮಾರುತೇಶ್ ಗಿರಾಕಿಗೆ ಹಗ್ಗ ಎಳೆದು ತೋರಿಸಲು ಹೋಗಿ ಮೂರು ಮಳಿಗೆಯ ಗೋಡೆ ತೂರಿ ಹೋದ. "ಏನಪ್ಪ, ಇಟ್ಗೆ ಗೋಡೆ ಅದು, ತಲೆ ಒಡ್ಕಂತೀಯ!" ಎಂದು ಬಳೆ ಮಾರುವ ಏಕಾಂತಮ್ಮ ಕೂಗಿದಳು. ಕೆಂಚಕ್ಕ ಕಂಬಳಿ ಬಿಚ್ಚಿದರೆ ಅರ್ಧ ಚೌಕದೊಳಗೆ, ಅರ್ಧ ರಸ್ತೆಗೆ. ಬಿಚ್ಚದಿದ್ದರೆ ಗಿರಾಕಿ ಏನನ್ನು ನೋಡಬೇಕು?

ನನ್ನ ಚೌಕ ಏಳನೆಯದು. ಸೂಜಿಗೆ ದಾರ ಪೋಣಿಸಲು ಆಗಲಿಲ್ಲ. ಐದು ಸಲ ನೋಡಿದೆ. ಆಮೇಲೆ ಕನ್ನಡಕ ಒರೆಸುವ ನೆಪ ಮಾಡಿ ಎದ್ದೆ.

ಹನ್ನೆರಡು ಗಂಟೆಗೆ ಗೋಣಿ ಇಳಿಸಿದೆವು. ಎಲ್ಲರೂ ಒಂದು ಸಲ ಮೇಲೆ ನೋಡಿದರು. ಗೆರೆ ಅಳಿಸಿ ಒಬ್ಬೊಬ್ಬರೇ ಬೆಳಕಿನ ಕಡೆ ಸರಿದು ಕೂತರು. ಗದ್ದಲ ಕೇಳಿ ಬೀದಿಯವರು ಬಂದರು. ಮಾರಣ್ಣ ಫ್ಯಾಕ್ಟರಿಯ ಬೀಗ ತೆಗೆದು ಎರಡು ಕ್ರೇಟು ಸೋಡಾ ತಂದ. ಬೇರೆ ಊರಿಂದ ತರಿಸಿದ್ದು, ಆದರೆ ತನ್ನದೆಂದೇ ಹೇಳಿದ. ಕೆಂಚಕ್ಕನ ನಾಲ್ಕು ಕಂಬಳಿ ಹೋದವು. ಒಂದನ್ನು ಕೊಂಡ ಮೇಷ್ಟ್ರೊಬ್ಬರು ಕಂಬಳಿಗಿಂತ ಹೆಚ್ಚು ಹೊತ್ತು ಕಿಂಡಿಯನ್ನೇ ನೋಡುತ್ತಿದ್ದರು.

ಫೆಬ್ರವರಿ 11, ಮಂಗಳವಾರ

ಶಿವರಾಜ್ ಚರಂಡಿಯ ಬಳಿ ನನ್ನ ಮೆಷಿನ್ ಎದುರು ಬಂದು ನಿಂತ. "ಅಕ್ಕ, ಭಾನುವಾರದ ನಾಟ್ಕ ಚೆನ್ನಾಗಿತ್ತು. ನನ್ನ ಚೌಕ ನಂಗೆ ಸರಿಯಾಗಿತ್ತು. ಶಟರ್ ಬೇಕು ನಂಗೆ. ನೀವೇ ಹೇಳ್ಕೊಟ್ಟಿದ್ದು, ಒಂದಂಗುಲ ರಾಜಿ ಇಲ್ಲ ಅಂತ."

"ಬೆಳಕು ನೋಡ್ಲಿಲ್ವೇನೋ?"

"ನನ್ನ ಮಾಲಿಗೆ ಬೆಳಕ್ ಯಾಕಕ್ಕ? ದಿನಾ ರಾತ್ರಿ ಎರಡು ಚೀಲ ಹೊತ್ಕಂಡು ಮನೆಗ್ ಹೋಗ್ತೀನಿ, ಬೆಳಿಗ್ಗೆ ಹೊತ್ಕಂಡ್ ಬರ್ತೀನಿ. ಹನ್ನೊಂದು ವರ್ಷ ಆತು. ಬೆನ್ನು ನೋಡ್ರಿ ನಂದು. ನಿಮ್ ಕಿಂಡಿ ನನ್ನ ಚೀಲ ಕಾಯುತ್ತಾ?"

ಅವನು ಹೇಳಿದ್ದು ಸರಿ. ಟ್ರಸ್ಟಿನ ಬಾಲ ಎಂದು ಬೈಯಲು ಬಾಯಿ ತೆರೆದಿದ್ದೆ, ಬದಲು, "ಆ ಎರಡು ಚೀಲ ಎಷ್ಟಡಿ ಜಾಗ ಹಿಡಿಯುತ್ತೆ?" ಎಂದು ಬಂತು. ಅವನಿಗೂ ಗೊತ್ತಿರಲಿಲ್ಲ. ಹೊಲಿಗೆಯ ಟೇಪು ತೆಗೆದು ಅಳೆದೆವು. ಎತ್ತರ ಮೂರಡಿ, ಅಗಲ ಎರಡೂವರೆ.

ಸಂಜೆಯೊಳಗೆ ಉಳಿದ ಇಪ್ಪತ್ತೆರಡು ಜನರ ಗಂಟುಮೂಟೆಯನ್ನೂ ಅಳೆದೆ. ಹನ್ನೊಂದು ವರ್ಷದಲ್ಲಿ ಇವರೆಲ್ಲ ದಿನಾ ಎಷ್ಟು ಹೊತ್ತು ತಿರುಗುತ್ತಾರೆ ಎಂದು ಒಂದು ದಿನವೂ ಕೇಳಿರಲಿಲ್ಲ. ಏಕಾಂತಮ್ಮನ ಬಳೆ ಗಾಡಿ ರಾತ್ರಿ ಅವಳ ಅಡುಗೆಮನೆಯಲ್ಲಿ ನಿಲ್ಲುತ್ತದಂತೆ. ಅಡುಗೆ ಹೊರಗೆ.

ಫೆಬ್ರವರಿ 15, ಶನಿವಾರ

ಸಹನಾ ಹೊಸ ನಕ್ಷೆ ಬರೆದಿದ್ದಾಳೆ. ನಡುವೆ ಒಂದೂ ಗೋಡೆ ಇಲ್ಲ. ದಕ್ಷಿಣದ ಕತ್ತಲ ಗೋಡೆಯುದ್ದಕ್ಕೂ ಬೀಗ ಹಾಕುವ ಕಪಾಟುಗಳು, ಅವರವರ ಗಂಟಿನ ಅಳತೆಗೆ. ಕಿಂಡಿ ಹಾಗೇ. ಬಳೆ ಹಾಗೇ. ಮೂಲೆಯಲ್ಲಿ ಹೆಂಗಸರ ಶೌಚಾಲಯ.

ಇಬ್ಬರೂ ಚಿತ್ರದುರ್ಗಕ್ಕೆ ಹೋದೆವು. ಪ್ರಭುಲಿಂಗ ನಕ್ಷೆ ತಿರುಗಿಸಿ ತಿರುಗಿಸಿ ನೋಡಿದ. "ಏನಮ್ಮ, ಹನ್ನೊಂದು ವರ್ಷ ಶಟರ್ ಶಟರ್ ಅಂತ ನನ್ ಪ್ರಾಣ ತಿಂದು, ಈಗ ಶಟರ್ ಬ್ಯಾಡ ಅಂತೀರಾ? ನಾಳೆ ಇನ್ನೇನ್ ಬ್ಯಾಡ ಅಂತೀರಿ?"

"ತಪ್ಪು ಕೇಳಿದ್ವಿ," ಎಂದೆ.

ಅವನು ತಲೆ ಎತ್ತಿದ. "ಮೊದ್ಲಿನ ನಕ್ಷೆಗೆ ಹನ್ನೆರಡು ಸಹಿ ಬಂದವೆ. ಇದಕ್ಕೆ ಒಂದೂ ಇಲ್ಲ. ಯಾವುದಾದ್ರೂ ಸರಿ, ಒಂದೇ ನಕ್ಷೆ ಮೇಲೆ ಇಪ್ಪತ್ನಾಲ್ಕು ಸಹಿ. 24ಕ್ಕೆ ನಾನೇ ಮಂಡಿಗೆ ಬರ್ತೀನಿ. ಅವ್ರ ಬಾಯಲ್ಲೇ ಹೇಳಿಸ್ರಿ. ಇಲ್ಲ ಅಂದ್ರೆ 25ಕ್ಕೆ ಕಾಂಟ್ರಾಕ್ಟರ್ ಬೀಗ ಹಾಕ್ತಾನೆ."

ಮಾತು ತಪ್ಪುವವನೇ ಆದರೂ ಈ ಮಾತು ತಪ್ಪಲಾರ. ಇದು ಅವನಿಗೆ ಲಾಭದ ಮಾತು.

ಫೆಬ್ರವರಿ 19, ಬುಧವಾರ

ಮನೆಮನೆ ತಿರುಗಿದ್ದೇನೆ. ಹದಿನೇಳು ಜನ ಹೊಸ ನಕ್ಷೆಗೆ. ಏಳು ಜನ ಶಟರಿಗೆ, ಅವರ ಮುಂದೆ ಶಿವರಾಜ್. ಬಹುಮತ ನಮ್ಮದೇ, ಆದರೆ ಈ ಆಟದಲ್ಲಿ ಬಹುಮತಕ್ಕೆ ಬೆಲೆಯಿಲ್ಲ.

ಕೆಂಚಕ್ಕ, "ಆ ಏಳು ಜನುಕ್ಕೆ ನಾಕು ಬೈದು ಸಹಿ ಹಾಕ್ಸೇ, ನಿಂಗೇನ್ ಬೈಯಾಕ್ ಬರಲ್ವಾ?" ಎಂದಳು. ಬರುತ್ತದೆ. ಆದರೆ ಅವರು ಹಿಡಿದುಕೊಂಡಿರುವುದು ನನ್ನದೇ ಕಾಗದ.

ಫೆಬ್ರವರಿ 21, ಶುಕ್ರವಾರ

ಸಭೆಯ ನೋಟಿಸು ಬರೆದು ಚಹಾದಂಗಡಿಯ ಗೋಡೆಗೆ ಅಂಟಿಸಿದೆ. 'ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ, ಉಣ್ಣೆ ಮಂಡಿಯಲ್ಲಿ.' ಅಂಟು ಆರುವ ಮೊದಲೇ ಶಿವರಾಜ್ ಓದಿದ.

"ಹನ್ನೊಂದಕ್ಕೇ ಯಾಕಕ್ಕ?"

"ಎಲ್ಲರಿಗೂ ಅನುಕೂಲ ಅಂತ."

"ಸುಳ್ ಹೇಳ್ಬೇಡ್ರಿ. ಹನ್ನೊಂದಕ್ಕೆ ಬೆಳಕು ತುಂಬಿರುತ್ತೆ. ಎಲ್ಲರೂ ಆ ಅಂತ ಬಾಯ್ ಬಿಟ್ಕಂಡು ಸಹಿ ಹಾಕ್ತಾರೆ. ನನ್ನ ವ್ಯಾಪಾರ ಶುರು ಆಗೋದೇ ಸಂಜೆ ಆರಕ್ಕೆ, ಕಾಲೇಜು ಹುಡುಗ್ರು ಬಂದ್ಮೇಲೆ. ಆಗ ನಿಮ್ ಮಂಡಿ ಹೆಂಗಿರುತ್ತೆ ನೋಡಿದೀರಾ?"

ನೋಡಿಲ್ಲ. ಹನ್ನೊಂದಕ್ಕೆ ನೋಡಿದ್ದೇನೆ, ಒಂದಕ್ಕೆ ನೋಡಿದ್ದೇನೆ, ಮೂರಕ್ಕೆ ನೋಡಿದ್ದೇನೆ. ಆರಕ್ಕೆ ಆ ಕಿಂಡಿಗಳಲ್ಲಿ ಏನು ಉಳಿದಿರುತ್ತದೆ? ಎಷ್ಟು ದೀಪ ಬೇಕು, ಎಲ್ಲಿ ಬೇಕು? ಕತ್ತಲಲ್ಲಿ ಬಯಲು ಹಜಾರದ ನಡುವೆ ಮೊಬೈಲ್ ಕವರ್ ಇಟ್ಟುಕೊಂಡು ಕೂತವನಿಗೆ ಹೇಗನ್ನಿಸುತ್ತದೆ? ಸಹನಾಳಿಗೆ ಫೋನ್ ಮಾಡಿದೆ. ಅವಳೂ ನೋಡಿಲ್ಲವಂತೆ.

"ನೀನ್ ಬರ್ತೀಯೇನೋ ಆರಕ್ಕೆ ಇಟ್ರೆ? ಚೀಲ ಸಮೇತ?"

"ಬರ್ತೀನಿ. ಸಹಿ ಹಾಕ್ತೀನಿ ಅಂತ ಮಾತ್ರ ಹೇಳಲ್ಲ."

"ಹೇಳ್ಬೇಡ. ಕುಂತು ನೋಡು. ಆಮೇಲ್ ಹೇಳು."

ಕೆಂಚಕ್ಕನಿಗೆ ಗೊತ್ತಾಗಿ ಬಂದು ಬೈದಳು. ಆರಕ್ಕೆ ಕಂಬಳಿ ಬಿಚ್ಚಿದರೆ ಗೋಡೆಯೂ ಕಾಣುವುದಿಲ್ಲ, ಕೈಗೆ ಬಂದದ್ದನ್ನು ಕೆಡಿಸುತ್ತೀಯ ಎಂದಳು. ಕೆಡಬಹುದು. 25ಕ್ಕೆ ಬೀಗ ಬೀಳಬಹುದು, ನಾವು ಚರಂಡಿಯ ಬಳಿಗೇ ವಾಪಸು ಹೋಗಬಹುದು. ಬೆಳಗಿನ ಬೆಳಕಿನಲ್ಲಿ ಹಾಕಿಸಿಕೊಂಡ ಸಹಿ ಸಂಜೆಗೆ ಜಗಳವಾದರೆ ಆ ಮಂಡಿಯನ್ನು ಒಂದೇ ವರ್ಷದಲ್ಲಿ ನಾವೇ ಮುಚ್ಚುತ್ತೇವೆ. ಹಾಗೆಂದು ಅವಳಿಗೆ ಹೇಳಿದೆ. "ಹಂಗಾರೆ ಲಾಟೀನು ತರ್ತೀನಿ," ಎಂದು ಗೊಣಗಿಕೊಂಡು ಹೋದಳು.

ಹಳೆಯ ನೋಟಿಸು ಕಿತ್ತು ಹೊಸದು ಬರೆದೆ. ಮಿನಿಟ್ಸ್ ಪುಸ್ತಕಕ್ಕೂ ಅದೇ, ಇಲ್ಲಿಗೂ ಅದೇ:

ಇಪ್ಪತ್ತನಾಲ್ಕು ಜನವೂ ಮಾಲು ಸಮೇತ ಬರಬೇಕು. ಎರಡೂ ನಕ್ಷೆ ನೆಲದ ಮೇಲಿರುತ್ತವೆ. 2019ರ ಬೇಡಿಕೆ ಬರೆದವಳು ಅನುಸೂಯ. ಅದರಲ್ಲಿನ ತಪ್ಪನ್ನು ಅವಳೇ ಎದ್ದು ಹೇಳುತ್ತಾಳೆ. ಆಮೇಲೆ ಶಿವರಾಜ್ ಮಾತಾಡುತ್ತಾನೆ, ಮಧ್ಯೆ ಯಾರೂ ಬಾಯಿ ಹಾಕಬಾರದು. ಆಮೇಲೆ ಸಹಿ.

ಫೆಬ್ರವರಿ 24, ಸೋಮವಾರ. ಉಣ್ಣೆ ಮಂಡಿ. ಸಂಜೆ ಆರು ಗಂಟೆ.